ಒಂದೇ ಬೀಗದ ಕೈ, ಮೂವತ್ತು ಮನೆ

ಇಂದಿರಾನಗರದ ನೂರಡಿ ರಸ್ತೆಯಿಂದ ಯಾವುದಾದರೂ ಕ್ರಾಸ್ ಹಿಡಿದು ಒಳಗೆ ಹೋಗಿ. ಕೆಳಗೆ ಕಾಫಿ ಅಂಗಡಿಯೋ ಸಲೂನೋ ಇರುವ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ವೆಬ್ ಏಜೆನ್ಸಿ ಸಿಕ್ಕೇ ಸಿಗುತ್ತದೆ. ಏಳೆಂಟು ಹುಡುಗ ಹುಡುಗಿಯರು, ಗೋಡೆ ಮೇಲೆ ಕ್ಲೈಂಟುಗಳ ಲೋಗೋ ಸಾಲು. ಶಿವಾಜಿನಗರದ ಟ್ರಾವೆಲ್ಸ್, ಹಲಸೂರಿನ ಹಲ್ಲಿನ ಡಾಕ್ಟರು, ಕೆ.ಆರ್. ಪುರದ ಒಂದು ಶಾಲೆ, ಎರಡು ಕಲ್ಯಾಣ ಮಂಟಪ, ನಾಲ್ಕು ಪಿಜಿ. ಇವರೆಲ್ಲರ ವೆಬ್‌ಸೈಟೂ ಒಂದೇ ಸರ್ವರ್ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಸಾಧಾರಣ ವರ್ಚುವಲ್ ಮಷಿನ್ ಇಂಥ ಮೂವತ್ತು ಸಣ್ಣ ಸೈಟುಗಳನ್ನು ಆರಾಮಾಗಿ ಹೊರುತ್ತೆ. ನನ್ನ ತಕರಾರು ಬೇರೆ. ಆ ಮೂವತ್ತೂ ಸೈಟುಗಳ ಸ್ಕ್ರಿಪ್ಟು ಓಡೋದು ಒಂದೇ ಯೂಸರ್ ಹೆಸರಿನಲ್ಲಿ: ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಹೆಸರು ಉದ್ದವಾಯಿತು. ಡೆಬಿಯನ್, ಉಬುಂಟುಗಳಲ್ಲಿ ಈ ಯೂಸರ್‌ನ ನಂಬರ್ 33. ಇನ್ನು ಮುಂದೆ ಬರೀ 33 ಅಂತ ಕರೀತೀನಿ.

ಲಿನಕ್ಸ್ ಕರ್ನಲ್‌ಗೆ ನಿಮ್ಮ ಕಂಪನಿ ಗೊತ್ತಿಲ್ಲ, ಕ್ಲೈಂಟ್ ಗೊತ್ತಿಲ್ಲ. ಗೊತ್ತಿರೋದು ನಂಬರ್ ಮಾತ್ರ. ಒಂದು ಪ್ರೋಸೆಸ್ ಬಂದು ‘ಈ ಫೈಲ್ ತೆಗಿ’ ಅಂದರೆ ಅದು ಮೊದಲು ನೋಡೋದು ಕೇಳ್ತಿರೋ ನಂಬರ್ ಯಾವುದು, ಫೈಲಿನ ಮಾಲೀಕರ ನಂಬರ್ ಯಾವುದು ಅಂತ. ಎರಡೂ 33 ಆದರೆ ಬಾಗಿಲು ತೆರೆಯಿತು. ಹಾಗಾಗಿ ಕಲ್ಯಾಣ ಮಂಟಪದ ಸೈಟಿನ ಸ್ಕ್ರಿಪ್ಟು ಶಾಲೆಯ ಸೈಟಿನ ಡಬ್ಲ್ಯೂಪಿ-ಕಾನ್ಫಿಗ್ ಫೈಲನ್ನು ತೆಗೆದು, ಅದರಲ್ಲಿರುವ ಡೇಟಾಬೇಸ್ ಪಾಸ್‌ವರ್ಡನ್ನು ಓದಬಹುದು. ಯಾವ ಹ್ಯಾಕಿಂಗೂ ಬೇಕಿಲ್ಲ, ಅದು ಅದರ ಹಕ್ಕು! ಆ ಹಕ್ಕನ್ನು ಕೊಟ್ಟವರು ಏಜೆನ್ಸಿಯವರು. ಕೆ.ಆರ್. ಪುರದ ಪಿಜಿಯಲ್ಲಿ ಒಂದು ರೂಮಿಗೆ ಮೂವರನ್ನು ತುಂಬುವ ಓನರ್ ಕೂಡ ತಲಾ ಒಂದು ಕಪಾಟು, ಅದಕ್ಕೊಂದು ಬೀಗ ಕೊಡ್ತಾರೆ ಸ್ವಾಮಿ.

ಕಳೆದ ವರ್ಷ ಪರಿಚಯದವರೊಬ್ಬರ ಪುಸ್ತಕದಂಗಡಿಯ ಸೈಟಿಗೆ ಆದದ್ದನ್ನು ಹೇಳ್ತೀನಿ. ಅಂಗಡಿ ಹೆಸರು ಬೇಡ, ಏಜೆನ್ಸಿ ಹೆಸರೂ ಬೇಡ. ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿದರೆ ಕಾದಂಬರಿಗಳ ಪಟ್ಟಿಯ ಜಾಗದಲ್ಲಿ ಆನ್‌ಲೈನ್ ಕ್ಯಾಸಿನೋ ಜಾಹೀರಾತು. ಏಜೆನ್ಸಿಗೆ ಫೋನ್ ಮಾಡಿದರೆ ಬಂದ ಉತ್ತರ: ‘ಮೇಡಂ, ನಿಮ್ಮ ಪಾಸ್‌ವರ್ಡ್ ವೀಕ್ ಇತ್ತು.’ ಅವರು ಪಾಸ್‌ವರ್ಡ್ ಬದಲಿಸಿದರು. ಏಜೆನ್ಸಿ ಸೈಟ್ ತೊಳೆದು ಕೊಟ್ಟಿತು, ಅದಕ್ಕೊಂದು ಬಿಲ್ಲೂ ಬಂತು. ಮೂರೇ ದಿನಕ್ಕೆ ಕ್ಯಾಸಿನೋ ವಾಪಸ್. ಮತ್ತೆ ತೊಳೆದರು, ಮತ್ತೆ ಬಂತು. ಕೊನೆಗೆ ನಾನು ಕೂತು ನೋಡಿದಾಗ, ಅವರ ವರ್ಡ್‌ಪ್ರೆಸ್ ಅಪ್‌ಡೇಟ್ ಆಗಿತ್ತು, ಪ್ಲಗಿನ್ ನಾಲ್ಕೇ ಇದ್ದವು, ಎಲ್ಲ ಸರಿ. ರೋಗ ಇದ್ದದ್ದು ಪಕ್ಕದ ಮನೆಯಲ್ಲಿ. ಅದೇ ಸರ್ವರ್‌ನಲ್ಲಿದ್ದ ಇನ್ಯಾರದೋ ಸೈಟಿನಲ್ಲಿ ವರ್ಷಗಳಿಂದ ಯಾರೂ ಮುಟ್ಟದ ಒಂದು ಸ್ಲೈಡರ್ ಪ್ಲಗಿನ್. ಅದರ ಮೂಲಕ ಒಳಗೆ ಬಂದ ಸ್ಕ್ರಿಪ್ಟು 33 ಆಗಿ, 33 ಹೋಗಬಹುದಾದ ಕಡೆಗೆಲ್ಲ ಹೋಗಿಬಂದಿತ್ತು. ಅಂಗಡಿಯವರು ಮನೆ ಗುಡಿಸಿದ್ದೇ ಗುಡಿಸಿದ್ದು. ಗೋಡೆಯೇ ಇಲ್ಲ ಅಂತ ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗ ನೂರಕ್ಕೂ ಹೆಚ್ಚು ಅಂಗಡಿ ಸುಟ್ಟುಹೋದವು. ಅವರಲ್ಲಿ ಎಷ್ಟು ಜನ ತಮ್ಮ ಅಂಗಡಿಯ ವೈರಿಂಗ್ ಸರಿಯಾಗಿಟ್ಟುಕೊಂಡಿದ್ದರೋ. ಬೆಂಕಿ ಅದನ್ನೆಲ್ಲ ವಿಚಾರಿಸುವುದಿಲ್ಲ.

ಇದಕ್ಕೆ ಮದ್ದು ಈಗ ಕಂಡುಹಿಡಿದದ್ದೂ ಅಲ್ಲ. ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ಓಡಿಸಿದರೂ ಅದು ಮಾಲೀಕರ ಅಧಿಕಾರದಲ್ಲೇ ಓಡುವಂತೆ ಮಾಡುವ ಸೆಟ್‌ಯುಐಡಿ ಉಪಾಯಕ್ಕೆ ಯುನಿಕ್ಸ್‌ನ ಡೆನಿಸ್ ರಿಚಿ 1973ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಅಪಾಚಿ ಸರ್ವರ್ ತನ್ನ 1.2ನೇ ಆವೃತ್ತಿಯಲ್ಲಿ, 1997ರಲ್ಲಿ, ಸು-ಎಕ್ಸೆಕ್ ಅನ್ನುವ ಪುಟ್ಟ ಪ್ರೋಗ್ರಾಮ್ ಕೊಟ್ಟಿತು. ಸಿಜಿಐ ಸ್ಕ್ರಿಪ್ಟು ಯಾರದೋ ಅವರ ಅಕೌಂಟಿನಲ್ಲೇ ಅದನ್ನು ಓಡಿಸೋದು ಅದರ ಕೆಲಸ. ಓಡಿಸೋಕೆ ಮುಂಚೆ ಅದು ಕೇಳುವ ಪ್ರಶ್ನೆಗಳನ್ನು ನೋಡಬೇಕು, ಹೆಣ್ಣು ನೋಡಲು ಬಂದವರಿಗಿಂತ ಜಾಸ್ತಿ. ಈ ಯೂಸರ್ ನಿಜವಾಗಿ ಇದ್ದಾರಾ? ರೂಟ್ ಅಲ್ಲ ತಾನೆ? ಫೈಲಿನ ಮಾಲೀಕರೂ ಇವರೇನಾ? ಆ ಫೋಲ್ಡರಿನಲ್ಲಿ ಬೇರೆಯವರು ಬರೆಯಬಹುದಾ? ಒಂದಕ್ಕೆ ಉತ್ತರ ತಪ್ಪಿದರೂ ಓಡಿಸೋದಿಲ್ಲ, 500 ಎರರ್ ಬಿಸಾಕಿ ಸುಮ್ಮನಾಗುತ್ತೆ. ಡೆವಲಪರ್‌ಗಳು ಅದನ್ನು ಬೈದದ್ದು ಈ ಬಿಗಿಗೇ.

ಪಿಎಚ್‌ಪಿ ಜಗತ್ತು ನಡುವೆ ಬೇರೆ ದಾರಿ ಹಿಡಿಯಿತು. ಎಲ್ಲವನ್ನೂ 33ರಲ್ಲೇ ಓಡಿಸಿ, ಭಾಷೆಯ ಒಳಗೇ ‘ಸೇಫ್ ಮೋಡ್’ ಅಂತ ಒಂದು ಬೇಲಿ ಹಾಕಿತು. ಆ ಬೇಲಿ ನಿಲ್ಲಲಿಲ್ಲ, 2012ರ 5.4ನೇ ಆವೃತ್ತಿಯಲ್ಲಿ ಅವರೇ ಕಿತ್ತೆಸೆದರು. ಅಷ್ಟರಲ್ಲಿ, 2010ರ 5.3.3ರಿಂದ, ಪಿಎಚ್‌ಪಿ-ಎಫ್‌ಪಿಎಂ ಪಿಎಚ್‌ಪಿ ಜೊತೆಯಲ್ಲೇ ಬರತೊಡಗಿತ್ತು. ಸೈಟಿಗೊಂದು ‘ಪೂಲ್’ ಮಾಡಿ, ಪೂಲಿಗೊಂದು ಯೂಸರ್ ಕೊಡಿ. ಒಂದು ಸಣ್ಣ ಕಾನ್ಫಿಗ್ ಫೈಲು, ಬಹಳ ಅಂದರೆ ಹತ್ತು ಸಾಲು. ಇಷ್ಟು ವರ್ಷವಾದರೂ ಆ ಹತ್ತು ಸಾಲು ಬರೆಯೋಕೆ ನಮ್ಮ ಏಜೆನ್ಸಿಗಳಿಗೆ ಪುರುಸೊತ್ತಾಗಿಲ್ಲ.

ನಮ್ಮಲ್ಲಿ ‘ಪರ್ಮಿಷನ್ ಡಿನೈಡ್’ ಅಂತ ಬಂದ ತಕ್ಷಣ ಬೆರಳು ತಾನಾಗಿ ಟೈಪ್ ಮಾಡುವುದು ಸಿಎಚ್‌ಮಾಡ್ 777. (ಹೆಸರಲ್ಲೇ ‘ಮಾಡ್’ ಅಂತ ಇರೋದ್ರಿಂದ ಕನ್ನಡದ ಹುಡುಗರು ಹಿಂದೆಮುಂದೆ ನೋಡದೆ ಮಾಡಿಬಿಡ್ತಾರೇನೋ.) ಅದರರ್ಥ: ಯಾರು ಬೇಕಾದರೂ ಓದಿ, ಯಾರು ಬೇಕಾದರೂ ಬರೆಯಿರಿ, ಯಾರು ಬೇಕಾದರೂ ಓಡಿಸಿ. ಎರರ್ ಹೋಯ್ತು, ಕ್ಲೈಂಟ್ ಖುಷಿ, ಎಲ್ಲರೂ ಊಟಕ್ಕೆ. ಜ್ವರ ಬಂದಿದೆ ಅಂತ ಥರ್ಮಾಮೀಟರ್ ಒಡೆದ ಹಾಗೆ.

ಅವರ ಸಮರ್ಥನೆಗಳನ್ನೂ ಕೇಳಿದ್ದೀನಿ. ‘ಮೂವತ್ತು ಪೂಲ್ ಇಟ್ಟರೆ ರ‍್ಯಾಮ್ ಸಾಲಲ್ಲ.’ ಆನ್‌ಡಿಮಾಂಡ್ ಅಂತ ಒಂದು ಸೆಟ್ಟಿಂಗ್ ಇದೆ. ಯಾರಾದರೂ ಸೈಟಿಗೆ ಬಂದಾಗ ಪ್ರೋಸೆಸ್ ಹುಟ್ಟುತ್ತೆ, ಹತ್ತು ಸೆಕೆಂಡ್ ಕೆಲಸ ಇಲ್ಲದಿದ್ದರೆ ಸಾಯುತ್ತೆ. ದಿನಕ್ಕೆ ನಲವತ್ತು ಜನ ನೋಡುವ ಕಲ್ಯಾಣ ಮಂಟಪದ ಸೈಟಿಗೆ ಅದು ಧಾರಾಳ. ‘ನಮ್ಮಂಥ ಸಣ್ಣವರನ್ನು ಯಾರು ಹ್ಯಾಕ್ ಮಾಡ್ತಾರೆ?’ ಯಾರೂ ಮಾಡಲ್ಲ, ಬಾಟ್‌ಗಳು ಮಾಡ್ತವೆ, ಅವಕ್ಕೆ ದೊಡ್ಡವರು ಸಣ್ಣವರು ಅನ್ನೋ ಭೇದ ಇಲ್ಲ. ‘ಈಗ ಎಲ್ಲಾ ಡಾಕರ್ ಅಲ್ವಾ?’ ಮೂವತ್ತೂ ಸೈಟನ್ನು ಒಂದೇ ಕಂಟೇನರ್‌ಗೆ ತುಂಬಿದರೆ ಬದಲಾದದ್ದು ಡಬ್ಬ ಮಾತ್ರ. ಮೇಲಾಗಿ ಡಾಕರ್‌ಫೈಲಿನಲ್ಲೂ ಅದರ ಕೆಳಗಿನ ಇಮೇಜಿನಲ್ಲೂ ಯೂಸರ್ ಯಾರು ಅಂತ ಹೇಳದಿದ್ದರೆ ಒಳಗೆ ಓಡೋದು ರೂಟ್. 33ಕ್ಕಿಂತ ಕೆಟ್ಟದ್ದು.

ಒಂದು ಆಕ್ಷೇಪ ಮಾತ್ರ ತೂಕದ್ದು, ಅದನ್ನು ತೇಲಿಸಿಬಿಡಬಾರದು. ಫೈಲುಗಳು ನನ್ನವೇ, ಸ್ಕ್ರಿಪ್ಟು ಓಡೋದೂ ನನ್ನ ಹೆಸರಲ್ಲೇ ಅಂದರೆ, ಹಾಳಾದ ಸ್ಕ್ರಿಪ್ಟು ನನ್ನ ಇಡೀ ಸೈಟಿನ ಕೋಡನ್ನೇ ತಿದ್ದಬಹುದು. ಫೈಲು ನನ್ನವಾಗಿ, ಓಡುವವನು 33 ಆಗಿದ್ದರೆ ಅವನಿಗೆ ಓದೋಕೆ ಮಾತ್ರ ಆಗುತ್ತಿತ್ತು, ತಿದ್ದೋಕೆ ಆಗುತ್ತಿರಲಿಲ್ಲ. ನಿಜ. ಸು-ಎಕ್ಸೆಕ್‌ನ ಮೂಲ ಮಾದರಿಯ ಕೊರತೆಯೇ ಇದು. ಆದರೆ ಇದಕ್ಕೆ ಪರಿಹಾರ 33ಕ್ಕೆ ವಾಪಸ್ ಹೋಗೋದಲ್ಲ, ಸೈಟಿಗೆ ಎರಡು ಅಕೌಂಟ್ ಮಾಡೋದು. ಒಂದು ಕೋಡಿನ ಮಾಲೀಕ, ಇನ್ನೊಂದು ಅದನ್ನು ಓಡಿಸುವ ಆಳು. ಆಳಿಗೆ ಕೋಡ್ ಓದುವಷ್ಟೇ ಅನುಮತಿ. ಬರೆಯುವುದಿದ್ದರೆ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಮಾತ್ರ, ಅಲ್ಲಿ ಪಿಎಚ್‌ಪಿ ಓಡದಂತೆ ವೆಬ್ ಸರ್ವರ್‌ಗೆ ಹೇಳಿಡಬೇಕು. ವರ್ಡ್‌ಪ್ರೆಸ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳೋದು ಆಗ ನಿಲ್ಲುತ್ತೆ, ಕಮಾಂಡ್ ಲೈನಿನಿಂದ ಮಾಲೀಕನ ಅಕೌಂಟಿನಲ್ಲಿ ಮಾಡಬೇಕು. ಕೆಲಸ ಜಾಸ್ತಿ, ಒಪ್ಪಿದೆ. ಮೇಂಟೆನೆನ್ಸ್ ಅಂತ ವರ್ಷವರ್ಷ ದುಡ್ಡು ತಗೊಳ್ಳೋದು ಮತ್ತೇತಕ್ಕೆ? ಸೆಷನ್ ಫೈಲುಗಳನ್ನೂ ಸೈಟಿಗೊಂದು ಫೋಲ್ಡರ್ ಮಾಡಿ ಬೇರೆ ಇಡಿ, ಕ್ರಾನ್ ಕೆಲಸಗಳನ್ನೂ ಆಯಾ ಸೈಟಿನ ಅಕೌಂಟಿಗೇ ಹಾಕಿ. ಒಂದು ಬಾಗಿಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟರೆ ಪ್ರಯೋಜನವಿಲ್ಲ.

ತಮಾಷೆ ಅಂದರೆ, ಈ ಏಜೆನ್ಸಿಗಳು ಮೂಗು ಮುರಿಯುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ಆಗಲೇ ಇದೆ. ಸಿಪ್ಯಾನೆಲ್‌ನಲ್ಲಿ ಪ್ರತಿ ಗಿರಾಕಿಗೂ ಬೇರೆ ಯೂಸರ್ ಇರುತ್ತೆ. ಇನ್ನು ಬೆನ್ನಿಗಾನಹಳ್ಳಿ ದಾಟಿ ನೇರಳೆ ಮೆಟ್ರೋದಲ್ಲಿ ನೀವು ಉಜ್ಜುತ್ತಾ ಕೂತಿರುವ ಆಂಡ್ರಾಯ್ಡ್ ಫೋನ್? ಅದೂ ಲಿನಕ್ಸೇ. ಅದು ಪ್ರತಿ ಆ್ಯಪ್‌ಗೂ ಹತ್ತು ಸಾವಿರದಿಂದ ಮೇಲಿನ ಒಂದೊಂದು ಯೂಸರ್ ನಂಬರ್ ಕೊಡುತ್ತೆ. ಲೂಡೋ ಆಟ ನಿಮ್ಮ ಬ್ಯಾಂಕ್ ಆ್ಯಪಿನ ಫೈಲು ಓದೋಕೆ ಆಗದಿರುವ ಕಾರಣಗಳಲ್ಲಿ ಮೊದಲನೆಯದು ಇದೇ. ಫೋನಿನ ಲೂಡೋಗೆ ಇರುವ ಗೋಡೆ ಸರ್ವರ್‌ನಲ್ಲಿರುವ ಶಾಲೆಯ ಅಡ್ಮಿಷನ್ ಫಾರಂಗೆ ಇಲ್ಲ.

ಆ ಫಾರಂನಲ್ಲಿ ಏನಿರುತ್ತೆ ಗೊತ್ತಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಅಪ್ಪ ಅಮ್ಮನ ಫೋನ್ ನಂಬರ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದನ್ನು ಕಾಪಾಡುವ ಹೊಣೆಯನ್ನು ಹೊರಿಸಿರೋದು ಮಾಹಿತಿ ಸಂಗ್ರಹಿಸಿದವರ ಮೇಲೆ. ಅಂದರೆ ಶಾಲೆಯ ಮೇಲೆ, ಡಾಕ್ಟರ ಮೇಲೆ. ಸೈಟ್ ನೋಡಿಕೊಳ್ಳೋಕೆ ಬೇರೆಯವರಿಗೆ ಕೊಟ್ಟಿದ್ದೆವು ಅಂದರೆ ಹೊಣೆ ಜಾರಿಹೋಗೋದಿಲ್ಲ. ಸೂಕ್ತ ರಕ್ಷಣೆ ಇಡದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿ. ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಆರು ಗಂಟೆಯಲ್ಲಿ ಏನಂತ ಬರೀತೀರಿ? ಪ್ರೋಸೆಸ್ ಪಟ್ಟಿ ತೆಗೆದರೆ ಸಾಲಾಗಿ 33, ಹೊಸದಾಗಿ ಹುಟ್ಟಿದ ಫೈಲುಗಳ ಮಾಲೀಕ 33, ಸ್ಪ್ಯಾಮ್ ಮೇಲ್ ಕಳಿಸಿದವನು 33. ಮೂವತ್ತು ಜನರಲ್ಲಿ ಯಾರು ಅಂತ ಹುಡುಕೋಕೆ ರಾತ್ರಿ ಒಂದಕ್ಕೆ ಎಬ್ಬಿಸೋದು ಆರು ತಿಂಗಳ ಹಿಂದೆ ಸೇರಿದ ಟಿನ್ ಫ್ಯಾಕ್ಟರಿ ಪಿಜಿಯ ಹುಡುಗಿಯನ್ನು. ಸರ್ವರ್ ಹಾಗೆ ಕಟ್ಟಿದವರು ಅಷ್ಟೊತ್ತಿಗೆ ಬೇರೆ ಕಂಪನಿಯಲ್ಲಿ ‘ಆರ್ಕಿಟೆಕ್ಟ್’ ಆಗಿರ್ತಾರೆ. ನನಗೆ ಸಿಟ್ಟು ಬರೋದು ಇಲ್ಲಿ.

ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಇಂಥ ಆಫೀಸುಗಳಲ್ಲೇ ಇದ್ದೀರಿ. ಮಿಕ್ಕವರ ಅಪ್ಪನ ಅಂಗಡಿಯದೋ ಅತ್ತೆಯ ಕ್ಲಿನಿಕ್‌ನದೋ ಸೈಟು ಇಂಥ ಕಡೆ ಇದೆ. ಮುಂದಿನ ಸಲ ಎಎಂಸಿ ಬಿಲ್ಲು ಬಂದಾಗ ಒಂದು ಕೇಳಿ: ‘ಸರ್ವರ್‌ನಲ್ಲಿ ಪ್ರೋಸೆಸ್ ಪಟ್ಟಿ ತೆಗೆದು ಸ್ಕ್ರೀನ್‌ಶಾಟ್ ಕಳಿಸಿ.’ ಮೊದಲ ಕಾಲಂ ಮಾತ್ರ ನೋಡಿದರೆ ಸಾಕು. ನಿಮ್ಮ ಪಿಎಚ್‌ಪಿ ಪ್ರೋಸೆಸ್ಸಿನ ಎದುರು ನಿಮ್ಮದೇ ಸೈಟಿನ ಯೂಸರ್ ಇದ್ದರೆ ದುಡ್ಡು ಕೊಡಿ. ಮೇಲಿಂದ ಕೆಳಗೆ ಎಲ್ಲಾ ಸಾಲೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅಂತ ಇದ್ದರೆ, ಅದನ್ನು ಸರಿಮಾಡಿ ಇನ್ನೊಂದು ಸ್ಕ್ರೀನ್‌ಶಾಟ್ ಕಳಿಸುವವರೆಗೆ ಬಿಲ್ಲನ್ನು ಹಾಗೇ ಇಟ್ಟುಕೊಂಡಿರಿ. ಅರ್ಧ ದಿನದ ಕೆಲಸ ಅದು.