ಡಾಕ್ಟರೇಟ್ ಮುಗಿಸಿ ಕಂಪೆನಿಗೆ: ಅದನ್ನು ಹಿನ್ನಡೆ ಎನ್ನುವುದೇಕೆ?

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಚರ್ಚೆಯೊಂದು ಕೇಳಿಬರುತ್ತಿದೆ. ಮಗನೋ ಮಗಳೋ ಐದಾರು ವರ್ಷ ಸಂಶೋಧನೆ ನಡೆಸಿ, ಪಿಎಚ್‌ಡಿ ಪ್ರಬಂಧ ಸಿದ್ಧಪಡಿಸಿ, ಇನ್ನೇನು ಪ್ರೊಫೆಸರ್ ಆಗುತ್ತಾರೆ ಎಂದು ಮನೆಯವರು ಕಾಯುತ್ತಿರುವಾಗ ‘ನಾನು ಬಿಸಿನೆಸ್ ಕನ್ಸಲ್ಟಿಂಗ್ ಕಂಪೆನಿ ಸೇರುತ್ತೇನೆ’ ಎಂದು ಹೇಳಿಬಿಡುತ್ತಾರೆ. ಮನೆಯವರಿಗೆ ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯುವುದಿಲ್ಲ. ಸಂಬಳದ ಅಂಕಿ ಕೇಳಿ ಕಣ್ಣು ಅರಳುತ್ತದೆ, ಆದರೆ ಮನಸ್ಸಿನೊಳಗೆ ಏನೋ ಕಳೆದುಕೊಂಡಂತಹ ಕಸಿವಿಸಿ.

ಈ ಕಸಿವಿಸಿಗೆ ಕಾರಣವಿದೆ. ಊರಿನಿಂದ ಬಂದು ಹಗಲು ಹೋಟೆಲಿನಲ್ಲೋ ಆಫೀಸಿನಲ್ಲೋ ದುಡಿದು, ರಾತ್ರಿ ಶಾಲೆ, ಸಂಜೆ ಕಾಲೇಜುಗಳಲ್ಲಿ ಓದಿದ ತಲೆಮಾರಿಗೆ ಡಾಕ್ಟರೇಟ್ ಎಂಬುದು ವಿದ್ಯೆಯ ಶಿಖರ. ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮೊದಲು ‘ಡಾ.’ ಎಂದು ಅಚ್ಚಾಗುವುದೆಂದರೆ ಇಡೀ ಕುಟುಂಬಕ್ಕೆ ಸಂದ ಗೌರವ. ಹಾಗಾಗಿ, ‘ಇಷ್ಟೆಲ್ಲ ಓದಿ ಕಂಪೆನಿಗಳಿಗೆ ವ್ಯಾಪಾರದ ಸಲಹೆ ಕೊಡಲು ಹೋಗುವುದೇ? ಅದಕ್ಕೆ ಎಂಬಿಎ ಸಾಲುತ್ತಿರಲಿಲ್ಲವೇ?’ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಸಹಜವಾದ ಪ್ರಶ್ನೆಗಳೆಲ್ಲ ಸರಿಯಾದ ಪ್ರಶ್ನೆಗಳಾಗಿರಬೇಕೆಂದಿಲ್ಲ.

ಮೊದಲಿಗೆ ಒಂದು ಸಂಗತಿ. ಕನ್ಸಲ್ಟಿಂಗ್ ಎಂಬ ವೃತ್ತಿಯನ್ನು ಹುಟ್ಟುಹಾಕಿದವರಲ್ಲಿ ವಿದ್ಯಾಲಯದಿಂದ, ಪ್ರಯೋಗಶಾಲೆಯಿಂದ ಬಂದವರು ಹಲವರಿದ್ದಾರೆ. ಇಂದು ಜಗತ್ತಿನಾದ್ಯಂತ ಹೆಸರಾಗಿರುವ ಮೆಕಿನ್ಸಿ ಸಂಸ್ಥೆಯನ್ನು 1926ರಲ್ಲಿ ಆರಂಭಿಸಿದ ಜೇಮ್ಸ್ ಮೆಕಿನ್ಸಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಅಕೌಂಟೆನ್ಸಿಯ ಪ್ರಾಧ್ಯಾಪಕರಾಗಿದ್ದವರು. ಬಿ.ಕಾಂ. ವಿದ್ಯಾರ್ಥಿಗಳು ಇಂದಿಗೂ ಓದುವ ‘ಬಜೆಟರಿ ಕಂಟ್ರೋಲ್’ ಎಂಬ ವಿಷಯದ ಮೇಲೆ ಅವರು 1922ರಲ್ಲಿಯೇ ಪುಸ್ತಕ ಬರೆದಿದ್ದರು. ಲೆಕ್ಕಪತ್ರವೆಂದರೆ ಕಳೆದ ವರ್ಷ ಆದದ್ದನ್ನು ಬರೆದಿಡುವುದು ಮಾತ್ರವಲ್ಲ, ಮುಂದಿನ ವರ್ಷ ಏನು ಮಾಡಬೇಕೆಂದು ನಿರ್ಧರಿಸುವ ಸಾಧನ ಎಂಬುದು ಅವರ ವಿಚಾರ. ಅದಕ್ಕೂ 40 ವರ್ಷ ಮೊದಲು, 1886ರಲ್ಲಿ, ಬೋಸ್ಟನ್‌ನಲ್ಲಿ ಆರ್ಥರ್ ಲಿಟ್ಲ್ ಎಂಬ ರಸಾಯನ ವಿಜ್ಞಾನಿ ಕಾರ್ಖಾನೆಗಳಿಗೆ ಸಲಹೆ ನೀಡುವ ಸಂಸ್ಥೆ ತೆರೆದಿದ್ದರು. ಹಂದಿಯ ಕಿವಿಯಿಂದ ರೇಶ್ಮೆಯ ಚೀಲ ಹೊಲಿಯಲಾಗದು ಎಂದು ಇಂಗ್ಲಿಷಿನಲ್ಲಿ ಗಾದೆಯಿದೆ. 1921ರಲ್ಲಿ ಅವರ ಸಂಸ್ಥೆ ಹಂದಿಯ ಕಿವಿಗಳನ್ನೇ ತರಿಸಿ, ರಾಸಾಯನಿಕ ಕ್ರಿಯೆಯಿಂದ ಎಳೆ ತೆಗೆದು, ನಿಜವಾಗಿಯೂ ಚೀಲ ಮಾಡಿ ತೋರಿಸಿತು! ಜಾಹೀರಾತಿಗೆ ಜಾಹೀರಾತು, ವಿಜ್ಞಾನಕ್ಕೆ ವಿಜ್ಞಾನ.

ಅಷ್ಟು ದೂರ ಹೋಗುವುದೂ ಬೇಡ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಆರಂಭವಾದ ಯುಡಿಸಿಟಿ, ಅಂದರೆ ಮಾಟುಂಗದಲ್ಲಿರುವ ಈಗಿನ ಐಸಿಟಿಯ ಪ್ರಾಧ್ಯಾಪಕರು ಪಾಠ, ಸಂಶೋಧನೆಗಳ ಜೊತೆಗೇ ಕಾರ್ಖಾನೆಗಳಿಗೆ ಸಲಹೆ ನೀಡುತ್ತ ಬಂದವರು. ಅಲ್ಲಿ ಅದನ್ನು ಯಾರೂ ಹಿನ್ನಡೆ ಎನ್ನಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಸಂಶೋಧಕರಲ್ಲ, ಇಂಜಿನಿಯರರು, ನಿಜ. ಆದರೆ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯ ಭದ್ರವಾದ ಕೆಲಸ ಬಿಟ್ಟ ಮೇಲೆ ಅವರು ಹೋದದ್ದೆಲ್ಲಿಗೆ? 1908ರಲ್ಲಿ ಮೂಸಿ ನದಿಯ ಮಹಾಪೂರದಿಂದ ತತ್ತರಿಸಿದ ಹೈದರಾಬಾದಿಗೆ, ಸಲಹೆಗಾರರಾಗಿ. ಕನ್ನಡಿಗರಿಗೆ ಕನ್ಸಲ್ಟಿಂಗ್ ತೀರ ಪರಕೀಯವೇನೂ ಅಲ್ಲ.

ಇನ್ನು ಲೆಕ್ಕದ ಮಾತು. 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ, ಸೀನಿಯರ್ ಫೆಲೋಶಿಪ್ 35,000ದಿಂದ 42,000ಕ್ಕೆ ಏರಿತು. ಎರಡು ವರ್ಷ ಜೂನಿಯರ್, ಮೂರು ವರ್ಷ ಸೀನಿಯರ್ ಎಂದು ಹಿಡಿದರೆ ಐದು ವರ್ಷಕ್ಕೆ ಮನೆಬಾಡಿಗೆ ಭತ್ಯೆ ಬಿಟ್ಟು 24 ಲಕ್ಷ ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ ಇದು ಸಂಬಳವಲ್ಲ. ಇದರಲ್ಲಿ ಪ್ರಾವಿಡೆಂಟ್ ಫಂಡ್ ಇಲ್ಲ, ಗ್ರಾಚ್ಯುಟಿ ಇಲ್ಲ. ಹಣ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಎಂಬ ಖಾತರಿಯೂ ಇಲ್ಲ. ತಿಂಗಳುಗಟ್ಟಲೆ ಫೆಲೋಶಿಪ್ ತಡವಾಯಿತೆಂದು ಸಂಶೋಧನಾ ವಿದ್ಯಾರ್ಥಿಗಳು ದೂರುವುದು ಹೊಸ ಸುದ್ದಿಯೇನಲ್ಲ. ಬ್ಯಾಂಕಿನ ಸಾಲದ ಕೌಂಟರಿಗೆ ಬಂದರೆ ಅವರ ಬಳಿ ತೋರಿಸಲು ಸ್ಯಾಲರಿ ಸ್ಲಿಪ್ ಇರುವುದಿಲ್ಲ. 22ನೇ ವಯಸ್ಸಿಗೆ ಬರೀ ಪದವಿ ಹಿಡಿದು ಕೆಲಸಕ್ಕೆ ಸೇರಿದ ಸಹಪಾಠಿ ತಿಂಗಳಿಗೆ 5,000 ರೂಪಾಯಿಯಂತೆ ಪಿಎಫ್ ಕಟ್ಟಿದ್ದರೂ 31ಕ್ಕೆ ಬರುವಾಗ ಬಡ್ಡಿ ಸೇರಿಸದೆ 5,40,000 ರೂಪಾಯಿ ಆಗಿರುತ್ತದೆ. ಅದೇ ವಯಸ್ಸಿನಲ್ಲಿ ಹೊಸ ಡಾಕ್ಟರರ ಪಿಎಫ್ ಖಾತೆ ತೆರೆದಿರುವುದೇ ಇಲ್ಲ. ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಒಂದು ಬೆಡ್‌ರೂಮಿನ ಫ್ಲ್ಯಾಟ್‌ಗೆ ಕಂತು ಕಟ್ಟುತ್ತಿರುವ, ನಿವೃತ್ತಿಯ ಅಂಚಿನಲ್ಲಿರುವ ತಂದೆಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಪದವಿ ಕೈಗೆ ಬಂದ ಮೇಲಾದರೂ ಕೆಲಸ ಕಾದಿದೆಯೇ? ಖಾಯಂ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಸಿಕ್ಕಿದರೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 57,700 ರೂಪಾಯಿ, ಮೇಲೆ ಭತ್ಯೆಗಳು. ಚೆನ್ನಾಗಿಯೇ ಇದೆ. ಸಿಗಬೇಕಲ್ಲ! ಮಹಾರಾಷ್ಟ್ರದ ಕಾಲೇಜುಗಳಲ್ಲಿ ತಾಸಿನ ಲೆಕ್ಕದಲ್ಲಿ ಪಾಠ ಹೇಳುವ ಸಿಎಚ್‌ಬಿ ಅಧ್ಯಾಪಕರು, ಕರ್ನಾಟಕದಲ್ಲಿ ವರ್ಷ ವರ್ಷವೂ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕರು – ಇವರಲ್ಲಿ ಪಿಎಚ್‌ಡಿ ಆದವರೂ ಇದ್ದಾರೆ. ನಿಯಮಗಳಾದರೂ ಒಂದೇ ರೀತಿ ನಿಂತಿವೆಯೇ? ವಿಶ್ವವಿದ್ಯಾಲಯಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಕಡ್ಡಾಯ ಎಂದು 2018ರಲ್ಲಿ ಯುಜಿಸಿ ಹೇಳಿತು, ಜಾರಿಯನ್ನು ಮುಂದೂಡಿತು, 2023ರ ಜುಲೈಯಿಂದ ನೆಟ್ ಅಥವಾ ಸೆಟ್ ಇದ್ದರೆ ಸಾಕು, ಪಿಎಚ್‌ಡಿ ಐಚ್ಛಿಕ ಎಂದಿತು. ನಡುವೆ ಸಿಕ್ಕಿಕೊಂಡವರ ವಯಸ್ಸು ಮಾತ್ರ ಯಾರಿಗೂ ಕಾಯಲಿಲ್ಲ.

ಹೀಗಿರುವಾಗ ದೇಶದ ಹಣದಲ್ಲಿ ಓದಿ ಕಂಪೆನಿಗೆ ಹೋದರು ಎಂದು ಯುವಕರನ್ನು ಜರೆಯುವುದು ಎಷ್ಟು ಸರಿ? 2020-21ರಲ್ಲಿ ಭಾರತ ಸಂಶೋಧನೆಗಾಗಿ ಖರ್ಚು ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ಶೇ. 0.64 ಮಾತ್ರ. ಕುರ್ಚಿಗಳನ್ನೇ ಹಾಕದೆ, ಅತಿಥಿಗಳು ಎದ್ದು ಹೋದರೆಂದು ದೂರುವಂತಾಗಿದೆ ಇದು.

ಆದರೆ ಸಿಟ್ಟಿನಿಂದಲೋ ಸಂಬಳದ ಆಸೆಯಿಂದಲೋ ಮಾತ್ರ ಹೊರಟವರಿಗೆ ಆ ಲೋಕ ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. ಕನ್ಸಲ್ಟಿಂಗ್ ಸಂಸ್ಥೆಗಳು ಪಿಎಚ್‌ಡಿ ಆದವರನ್ನು ತೆಗೆದುಕೊಳ್ಳುವುದು ಅವರ ವಿಷಯಜ್ಞಾನಕ್ಕಾಗಿ ಅಲ್ಲ, ಹೆಚ್ಚಿನ ವೇಳೆ. ಪ್ರೊಟೀನಿನ ರಚನೆಯ ಮೇಲೆ ಆರು ವರ್ಷ ಕೆಲಸ ಮಾಡಿದವರಿಗೆ ಸಿಮೆಂಟ್ ಕಂಪೆನಿಯ ಸಾಗಾಟ ವೆಚ್ಚದ ಲೆಕ್ಕ ಕೊಡಬಹುದು. ಅಲ್ಲಿ ಬೇಕಾಗಿರುವುದು ಗೊಂದಲದ ವಿಷಯವೊಂದನ್ನು ತುಂಡು ತುಂಡಾಗಿ ಬಿಡಿಸುವ ಬುದ್ಧಿ. ಸಂದರ್ಶನದಲ್ಲಿ ಪರೀಕ್ಷಿಸುವುದೂ ಅದನ್ನೇ. ‘ಮುಂಬಯಿಯಲ್ಲಿ ದಿನಕ್ಕೆ ಎಷ್ಟು ಇಡ್ಲಿ ಖರ್ಚಾಗುತ್ತದೆ?’ ಎಂಬಂತಹ ಪ್ರಶ್ನೆ ಬಂದೀತು. ಉತ್ತರ ಯಾರಿಗೂ ಗೊತ್ತಿಲ್ಲ, ಕೇಳಿದವರಿಗೂ. ಜನಸಂಖ್ಯೆ ಎಷ್ಟು, ಹೊರಗೆ ತಿನ್ನುವವರೆಷ್ಟು, ಅವರಲ್ಲಿ ಇಡ್ಲಿಯ ಗಿರಾಕಿಗಳೆಷ್ಟು, ಒಬ್ಬರಿಗೆ ಎಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ರೀತಿಯನ್ನು ಅವರು ನೋಡುತ್ತಾರೆ.

ಇನ್ನೊಂದು ಬಗೆಯ ಪ್ರಶ್ನೆ: ಹೋಟೆಲೊಂದರ ಲಾಭ ಕಡಿಮೆಯಾಗಿದೆ, ಏಕೆ? ಗಲ್ಲಾದಲ್ಲಿ ಕುಳಿತು ಅನುಭವವಿರುವ ಯಾವ ಹಿರಿಯ ಹೋಟೆಲ್ ಉದ್ಯಮಿಯೂ ಇದಕ್ಕೆ ಥಟ್ಟನೆ ಉತ್ತರ ಹೇಳುವುದಿಲ್ಲ. ಅವರೇ ಪ್ರಶ್ನೆ ಕೇಳುತ್ತಾರೆ. ಗಿರಾಕಿ ಕಡಿಮೆಯಾದರೋ, ಬಿಲ್ಲಿನ ಮೊತ್ತ ಇಳಿಯಿತೋ? ಎರಡೂ ಅಲ್ಲವಾದರೆ ಖರ್ಚು ಏರಿತೇ? ಏರಿದ್ದು ಬಾಡಿಗೆಯೋ, ಗ್ಯಾಸೋ, ತೆಂಗಿನಕಾಯಿಯೋ, ಅಥವಾ ಸ್ಟೋರಿನಿಂದ ಸಾಮಾನು ಹಿಂಬಾಗಿಲಲ್ಲಿ ಹೋಗುತ್ತಿದೆಯೋ? ಕನ್ಸಲ್ಟಿಂಗ್ ಕಂಪೆನಿಗಳು ಇದನ್ನೇ ಬಣ್ಣದ ಚಿತ್ರ ಬಿಡಿಸಿ ದೊಡ್ಡ ಫೀಸಿಗೆ ಹೇಳುತ್ತವೆ ಎಂದರೆ ಅತಿಶಯೋಕ್ತಿಯಾದೀತು, ಪೂರ್ತಿ ಸುಳ್ಳಾಗದು.

ಕಷ್ಟ ಬರುವುದು ಬೇರೆ ಕಡೆ. ಸಂಶೋಧಕರಿಗೆ ‘ಇನ್ನೂ ಖಚಿತವಾಗಿಲ್ಲ’ ಎನ್ನುವುದು ಪ್ರಾಮಾಣಿಕತೆಯ ಗುರುತು. ಕನ್ಸಲ್ಟಿಂಗ್‌ನಲ್ಲಿ ಶುಕ್ರವಾರದೊಳಗೆ ಒಂದು ಉತ್ತರ ಬೇಕು, ಹತ್ತರಲ್ಲಿ ಎಂಟು ಪಾಲು ಸರಿಯಿದ್ದರೆ ಸಾಕು. ಸಂಶೋಧನಾ ಪ್ರಬಂಧದಲ್ಲಿ ತೀರ್ಮಾನ ಕೊನೆಯ ಅಧ್ಯಾಯದಲ್ಲಿ ಬರುತ್ತದೆ, ಅಲ್ಲಿ ಮೊದಲ ಸಾಲಿನಲ್ಲೇ ಹೇಳಿ ಆಮೇಲೆ ಕಾರಣ ಕೊಡಬೇಕು. 32 ವಯಸ್ಸಿನ ಡಾಕ್ಟರರ ಕೆಲಸವನ್ನು 27ರ ಎಂಬಿಎ ಪದವೀಧರೆ ತಿದ್ದಬಹುದು. ವಾರದ ಹೆಚ್ಚಿನ ದಿನ ಬೇರೆ ಊರಿನ ಗಿರಾಕಿಯ ಕಚೇರಿಯಲ್ಲಿ ಇರಬೇಕಾದೀತು. ಎರಡು ಮೂರು ವರ್ಷದಲ್ಲಿ ಮೇಲಕ್ಕೆ ಏರದಿದ್ದರೆ ಹೊರಗೆ ದಾರಿ ತೋರಿಸುವ ಪದ್ಧತಿಯೂ ಈ ಸಂಸ್ಥೆಗಳಲ್ಲಿ ಇದೆ. ಮರಳಿ ವಿಶ್ವವಿದ್ಯಾಲಯಕ್ಕೆ ಹೋಗೋಣವೆಂದರೆ ಪ್ರಕಟಿತ ಲೇಖನಗಳ ಪಟ್ಟಿಯಲ್ಲಿ ಬಿದ್ದ ಖಾಲಿ ಜಾಗ ಅಡ್ಡ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸಂಶೋಧಕರು ಬರೆದದ್ದು ಅವರ ಹೆಸರಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ತಪ್ಪಿದ್ದರೆ ಬೇರೆಯವರು ಎತ್ತಿ ತೋರಿಸುತ್ತಾರೆ. ಸಲಹೆಗಾರರ ವರದಿ ಹಣ ಕೊಟ್ಟವರ ಕಪಾಟಿನಲ್ಲಿ ಇರುತ್ತದೆ. ಪರ್ಡ್ಯೂ ಫಾರ್ಮಾ ಕಂಪೆನಿಯ ವ್ಯಸನಕಾರಿ ನೋವು ನಿವಾರಕ ಆಕ್ಸಿಕಾಂಟಿನ್‌ನ ಮಾರಾಟ ಹೆಚ್ಚಿಸಲು ಸಲಹೆ ನೀಡಿದ ಪ್ರಕರಣದಲ್ಲಿ ಮೆಕಿನ್ಸಿ ಸಂಸ್ಥೆ 2021ರ ಫೆಬ್ರವರಿಯಲ್ಲಿ ಅಮೆರಿಕದ ರಾಜ್ಯಗಳಿಗೆ 57.3 ಕೋಟಿ ಡಾಲರ್, 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಕೇಂದ್ರ ಸರಕಾರದೊಡನೆ ಇನ್ನೂ 65 ಕೋಟಿ ಡಾಲರ್ ಕೊಡಲು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಂಕಿಗಳನ್ನು ಚೆನ್ನಾಗಿ ಬಲ್ಲ ಜಾಣರೇ ಆ ಸಲಹೆಗಳನ್ನು ಸಿದ್ಧಪಡಿಸಿದ್ದು. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ, ಅದು ಯಾರಿಗೆ ಉಪಯೋಗ, ಯಾರಿಗೆ ಉಪದ್ರವ ಎಂದು ಕೇಳುವ ಅಭ್ಯಾಸವನ್ನು ಪ್ರಯೋಗಶಾಲೆಯಿಂದ ಜೊತೆಯಲ್ಲೇ ಕೊಂಡೊಯ್ದರೆ ಒಳ್ಳೆಯದು. ಇದು ಹೋಗಬೇಡಿ ಎನ್ನುವ ಮಾತಲ್ಲ. ಅಂತಹವರು ನಾಲ್ಕು ಜನ ಆ ಕೋಣೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತಲ್ಲವೇ?

ಸಂಘ-ಸಂಸ್ಥೆಗಳೂ ಇಲ್ಲಿ ಸ್ವಲ್ಪ ಕೆಲಸ ಮಾಡಬಹುದು. ಪ್ರತಿಭಾ ಪುರಸ್ಕಾರದಲ್ಲಿ ಹತ್ತನೆಯ, ಹನ್ನೆರಡನೆಯ ತರಗತಿಯ ಅಂಕಗಳಿಗೆ ಶಾಲು, ಫಲಕ ಸಿಗುತ್ತದೆ. ಆಮೇಲಿನ ಹತ್ತು ವರ್ಷ ಆ ಮಕ್ಕಳು ಏನು ಮಾಡುತ್ತಾರೆಂದು ಕೇಳುವವರಿಲ್ಲ. ಸಂಶೋಧನೆಯಲ್ಲೇ ಉಳಿದ ಒಬ್ಬರನ್ನೂ ಬಿಟ್ಟು ಹೋದ ಒಬ್ಬರನ್ನೂ ಒಂದೇ ವೇದಿಕೆಗೆ ಕರೆಸಿ, ಅತಿಥಿಗಳ ಭಾಷಣಗಳಲ್ಲಿ ಎರಡನ್ನು ಕಡಿಮೆ ಮಾಡಿ, ಅವರಿಂದ ತಿಂಗಳ ಖರ್ಚಿನಿಂದ ಹಿಡಿದು ಗೈಡ್‌ಗಳ ಸ್ವಭಾವದವರೆಗೆ ಮಾತನಾಡಿಸಿದರೆ ಎದುರು ಕುಳಿತ ಹುಡುಗ-ಹುಡುಗಿಯರಿಗೆ ಉಪಕಾರವಾದೀತು.

ಹೊರಡಲು ತೀರ್ಮಾನಿಸಿದವರು ಒಂದು ಕೆಲಸವನ್ನು ಮಾತ್ರ ಅರ್ಧಕ್ಕೆ ಬಿಡಬಾರದು, ಅದು ಪ್ರಬಂಧ. ಕೊನೆಯ ಅಧ್ಯಾಯ ಬಾಕಿಯಿರುವಾಗ ಆಫರ್ ಲೆಟರ್ ಬಂದರೆ ‘ಸೇರಿದ ಮೇಲೆ ರಾತ್ರಿ ಕುಳಿತು ಬರೆಯುತ್ತೇನೆ’ ಎನ್ನುವುದು ಸುಲಭ, ಆದರೆ ಆ ಕೆಲಸದಲ್ಲಿ ರಾತ್ರಿಗಳೂ ಕಂಪೆನಿಗೇ ಸೇರಿರುತ್ತವೆ. ಸೇರುವ ದಿನಾಂಕವನ್ನು ಎರಡು ಮೂರು ತಿಂಗಳು ಮುಂದಕ್ಕೆ ಹಾಕಿ ಎಂದು ಲಿಖಿತವಾಗಿ ಕೇಳಿಕೊಳ್ಳಬಹುದು. ಕೇಳಿದ ಮಾತ್ರಕ್ಕೆ ಆಫರ್ ಹಿಂದಕ್ಕೆ ಹೋಗುವುದು ಅಪರೂಪ. ಆ ಪತ್ರ ಕಳುಹಿಸುವ ಮೊದಲು ಗೈಡ್‌ಗೆ ವಿಷಯ ತಿಳಿಸಿರಬೇಕು, ಮನೆಯವರಿಗೂ.