ಗೆಲ್ಲುವುದು, ಗೆಲ್ಲತಕ್ಕದ್ದು
ಆಸ್ಕರ್ ಪ್ರಶಸ್ತಿಯ ಕಾಲ ಬಂದಿತೆಂದರೆ ನನ್ನ ವಿದ್ಯಾರ್ಥಿಗಳಲ್ಲಿ ಯುಗಾದಿಗೆ ಮೊದಲೇ ಪಂಚಾಂಗಶ್ರವಣ ನಡೆಯುತ್ತದೆ. ಯಾವ ಚಿತ್ರ ಗೆಲ್ಲುವುದೆಂದು ಎಲ್ಲರೂ ನುಡಿಯುವರು. ಯಾವುದು ಗೆಲ್ಲತಕ್ಕದ್ದು, ಏಕೆ, ಎಂದು ಕೇಳುವವರು ವಿರಳ.

ಶ್ರೇಷ್ಠ ಚಿತ್ರಕ್ಕಾಗಿ ಅಕಾಡೆಮಿಯ ಸದಸ್ಯರು ಚಿತ್ರಗಳನ್ನು ಮೆಚ್ಚಿಕೆಯ ಕ್ರಮದಲ್ಲಿ ಬರೆದು ಮತ ಕೊಡುತ್ತಾರೆ. ಕಡಮೆ ಮತದ ಚಿತ್ರ ಬಿದ್ದುಹೋದರೆ ಅದರ ಮತಗಳು ಮುಂದಿನ ಆಯ್ಕೆಗೆ ಸಲ್ಲುತ್ತವೆ. ಆದುದರಿಂದ ಕೆಲವರ ಹೃದಯವನ್ನು ಸೂರೆಗೊಂಡ ಕೃತಿಗಿಂತ ಹಲವರಿಗೆ ಒಪ್ಪಿಗೆಯಾದ ಕೃತಿ ಮುಂದಾಗಬಹುದು. ಭವಿಷ್ಯವಾದಿ ಅಳೆಯುವುದು ಆ ಒಪ್ಪಿಗೆಯನ್ನು, ಕಲೆಯನ್ನಲ್ಲ. 2017ರಲ್ಲಿ 14 ನಾಮನಿರ್ದೇಶನ ಪಡೆದ ‘ಲಾ ಲಾ ಲ್ಯಾಂಡ್’ ಗೆಲ್ಲುವುದೆಂದು ಬಹುಜನ ನಂಬಿದ್ದರು, ಗೆದ್ದದ್ದು ‘ಮೂನ್‌ಲೈಟ್’. 1942ರಲ್ಲಿ ‘ಸಿಟಿಜನ್ ಕೇನ್’ಗೆ ಶ್ರೇಷ್ಠ ಚಿತ್ರವೆಂಬ ಗೌರವ ದಕ್ಕಲಿಲ್ಲ, ರಸಿಕರು ಅದನ್ನು ಇಂದಿಗೂ ಬಿಟ್ಟಿಲ್ಲ.

ಊಹೆ ವಿನೋದಕ್ಕಿರಲಿ. ಅದಕ್ಕೆ ಮೊದಲು ತಾನು ಮೆಚ್ಚಿದ ಚಿತ್ರವನ್ನೂ ಮೆಚ್ಚಿದ ಕಾರಣವನ್ನೂ ವಿದ್ಯಾರ್ಥಿ ಬರೆದಿಡಲಿ. ಆ ಬರಹ ಫಲಿತಾಂಶದಿಂದ ಸುಳ್ಳಾಗದು.