ತೂಕದ ಯಂತ್ರದ ಪಕ್ಕದಲ್ಲಿ ಒಂದು ಟೇಪೂ ಇರಲಿ

ನಮ್ಮ ಮನೆಯ ಉರ್ದುವಿನಲ್ಲಿ ಯಾರಾದರೂ ಮೈ ತುಂಬಿಕೊಂಡರೆ ‘ಸೆಹತ್ ಬಂದಿದೆ’ ಎನ್ನುತ್ತಾರೆ. ಸೆಹತ್ ಎಂದರೆ ಆರೋಗ್ಯ. ಅದೇ ಮೈಗೆ ಕಾಲೇಜಿನಲ್ಲಿ ‘ಮೋಟಿ’ ಎಂಬ ಅಡ್ಡಹೆಸರು ಸಿಗುತ್ತದೆ. ಎರಡೂ ಕಡೆ ಕಣ್ಣಿಗೆ ಕಾಣುವ ಗಾತ್ರ ನೋಡಿಯೇ ತೀರ್ಪು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಗಾತ್ರಕ್ಕಿಂತ ಮುಖ್ಯವಾದದ್ದು ಕೊಬ್ಬು ಎಲ್ಲಿ ಕುಳಿತಿದೆ, ಅಲ್ಲಿ ಏನು ಮಾಡುತ್ತಿದೆ ಎಂಬುದು.

ಕೊಬ್ಬನ್ನು ಗೋದಾಮಿಗೆ ಹೋಲಿಸುವುದು ರೂಢಿ. ವಾಣಿಜ್ಯ ವಿದ್ಯಾರ್ಥಿನಿಯಾದ ನನಗೆ ಆ ಹೋಲಿಕೆ ಇಷ್ಟ, ಆದರೆ ಅದು ಅರ್ಧ ಮಾತ್ರ ಸರಿ. ಈ ಗೋದಾಮಿನಿಂದ ರಕ್ತಕ್ಕೆ ಸಂದೇಶಗಳೂ ಹೋಗುತ್ತವೆ. ಕೊಬ್ಬಿನ ಕೋಶಗಳು ಅತಿಯಾಗಿ ಉಬ್ಬಿದಾಗ ಕೆಲವು ಸಾಯುತ್ತವೆ. ಅವನ್ನು ಸ್ವಚ್ಛ ಮಾಡಲು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಗಾಯವಾದಾಗ ಆಗುವಂಥ ಉರಿಯೂತ ಅಲ್ಲಿ ಸಣ್ಣಗೆ ಶುರುವಾಗುತ್ತದೆ. ಗಾಯದ ಉರಿ ವಾರದಲ್ಲಿ ಆರುತ್ತದೆ, ಇದು ವರ್ಷಗಟ್ಟಲೆ ಉಳಿಯುತ್ತದೆ. ನೋವಿಲ್ಲ, ಜ್ವರವಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಅಲ್ಲಿಂದ ಹೊರಡುವ ಟಿಎನ್‌ಎಫ್‌ನಂಥ ರಾಸಾಯನಿಕಗಳು ಇನ್ಸುಲಿನ್ ಹೇಳಿದ ಮಾತು ಕೋಶದೊಳಗೆ ಮುಟ್ಟದಂತೆ ತಡೆಯುತ್ತವೆ. ತುಂಬಿದ ಗೋದಾಮಿನ ಕೊಬ್ಬು ಯಕೃತ್ತಿಗೂ ಸ್ನಾಯುಗಳಿಗೂ ಸೋರುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದು ಸುಸ್ತಾದ ದಿನ ರಕ್ತದಲ್ಲಿ ಸಕ್ಕರೆ ಏರುತ್ತದೆ.

1993ರಲ್ಲಿ ಅಮೆರಿಕದ ವಿಜ್ಞಾನಿಗಳು ದಪ್ಪ ಇಲಿಗಳಲ್ಲಿ ಟಿಎನ್‌ಎಫ್ ಅನ್ನು ತಡೆದಾಗ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಮನುಷ್ಯರಲ್ಲಿ ಅದೇ ಉಪಾಯ ಅಷ್ಟು ಫಲ ಕೊಡಲಿಲ್ಲ. ಒಂದೇ ಮಾತ್ರೆಯಿಂದ ಇದನ್ನು ನಂದಿಸಬಹುದೆಂಬ ಜಾಹೀರಾತು ಕಂಡರೆ ನಂಬಬೇಡಿ.

‘ನಾನು ಸಣ್ಣಗಿದ್ದೇನೆ, ನನಗೇನು?’ ಎನ್ನುವವರಿಗೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಉದಾಹರಣೆ ಇದೆ. 2004ರಲ್ಲಿ ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ ಅವರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2! ಭಾರತೀಯರಾದ ನಮ್ಮಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ.

ಹೀಗಿರುವಾಗ ಕಾಲೇಜಿನ ಆರೋಗ್ಯ ತಪಾಸಣೆಯಲ್ಲಿ ತೂಕ, ಎತ್ತರ ಮಾತ್ರ ಬರೆದುಕೊಂಡರೆ ಸಾಲದು. ಸೊಂಟದ ಸುತ್ತಳತೆಯನ್ನೂ ತೆಗೆಯಬೇಕು. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬುದು ಸುಲಭದ ಲೆಕ್ಕ. ದರ್ಜಿಯ ಟೇಪಿಗೆ ದೊಡ್ಡ ಖರ್ಚೇನಿಲ್ಲ.

ಇನ್ನೊಂದು ಬೇಡಿಕೆ ಮೈದಾನದ್ದು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಊಟದ ನಂತರದ ನಡಿಗೆಗೆ ಬೆಲೆ ಇರುವುದು ಅದಕ್ಕೇ. ಆದರೆ ಬಿಡುವಿನಲ್ಲಿ ಮೈದಾನ ಪೂರ್ತಿ ಕ್ರಿಕೆಟ್‌ನವರದು. ಹುಡುಗಿಯರು ಬೆಂಚು ಬಿಟ್ಟು ಏಳುವುದು ಮನೆಗೆ ಹೊರಡುವಾಗಲೇ. ಊಟದ ಬಿಡುವಿನ ಕೊನೆಯ 15 ನಿಮಿಷ ಮೈದಾನದ ಒಂದು ಬದಿಯನ್ನು ನಡೆಯುವವರಿಗೆ ಬಿಟ್ಟುಕೊಡಿ ಎಂದು ಪ್ರಾಂಶುಪಾಲರಲ್ಲಿ ಕೇಳುತ್ತಿದ್ದೇನೆ.

ಮತ್ತೆ ಟೇಪಿನ ವಿಷಯ. ಹುಡುಗಿಯರ ಅಳತೆಯನ್ನು ಮೇಡಂ ಒಬ್ಬರು ಬೇರೆ ಕೋಣೆಯಲ್ಲಿ ತೆಗೆಯಲಿ. ಯಾರ ಅಂಕಿಯನ್ನೂ ಸಾಲಿಗೆಲ್ಲ ಕೇಳುವಂತೆ ಕೂಗುವುದು ಬೇಡ.